ಕೊಕ್ಕರೆ ಮುದ್ರೆಯ ಹದಿನಾರು ಚಾಕುಗಳು

"ಇನ್ನೂರಾ ಹನ್ನೊಂದು ಚಾಕು ಇದಾವೆ ಈ ಮನೇಲಿ. ಒಂದಾದ್ರೂ ಒಂದು ಸೇಬು ಕೊಯ್ದಿದ್ಯಾ ಕೇಳಿ," ಎಂದು ಇನ್ಸ್‌ಪೆಕ್ಟರರ ಹೆಂಡತಿ ಧ್ವನಿಮುದ್ರಕದ ಹತ್ತಿರಕ್ಕೆ ಬಾಗಿ ಹೇಳಿದರು.

"ಅವು ಕೊಯ್ಯೋಕಲ್ಲ ಕಣೇ."

"ಹಾಗಾದ್ರೆ ಚಾಕು ಅಂತ ಯಾಕೆ ಕರೀತೀರಿ? ಬೇರೆ ಹೆಸರಿಡಿ."

ನಮ್ಮ ಮೊದಲ ಸಂದರ್ಶನದ ಆರಂಭ ಹೀಗಿದೆ. ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದಿನ ಬೀದಿಗಳಲ್ಲಿ ಮುಚ್ಚಿಹೋದ ಕಾರ್ಖಾನೆಗಳ ನೆನಪುಗಳನ್ನು ನಾನು ಸಂಗ್ರಹಿಸುತ್ತಿದ್ದೆ. ಈ ಮನೆಗೆ ಒಂದು ಗಂಟೆ ಸಾಕೆಂದುಕೊಂಡು ಹೋದವನು ಐದು ತಿಂಗಳಲ್ಲಿ ಒಂಬತ್ತು ಬಾರಿ ಹೋಗಬೇಕಾಯಿತು. ಒಂಬತ್ತೂ ಬಾರಿ ಆ ಮನೆಯಲ್ಲಿ ಯಾರಾದರೊಬ್ಬರು ಯಾರ ಮೇಲಾದರೂ ರೇಗಿಕೊಂಡಿರುತ್ತಿದ್ದರು.

ಇನ್ಸ್‌ಪೆಕ್ಟರರಿಗೆ ಅರವತ್ತೆಂಟು ವರ್ಷ. ಮೂವತ್ಮೂರು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ದುಡಿದವರು. ಅಂಗಡಿಯಿಂದ ಅಂಗಡಿಗೆ ಹೋಗಿ, ಇಲಾಖೆಯ ತೂಕದ ಬಟ್ಟುಗಳನ್ನು ತಕ್ಕಡಿಗಿಟ್ಟು, ಮುಳ್ಳು ನೆಟ್ಟಗೆ ನಿಂತರೆ ಸೀಸದ ಬಿಲ್ಲೆಯ ಮೇಲೆ ಮುದ್ರೆ ಒತ್ತುವುದು, ನಿಲ್ಲದಿದ್ದರೆ ತಕ್ಕಡಿಯನ್ನು ಹೊತ್ತುಕೊಂಡು ಬರುವುದು ಅವರ ಕೆಲಸವಾಗಿತ್ತು. ಅವರು ಒತ್ತಿದ ಪ್ರತಿ ಮುದ್ರೆಯ ಹಿಂದೆಯೂ ಒಂದು ರಿಜಿಸ್ಟರು, ರಿಜಿಸ್ಟರಿನಲ್ಲಿ ಒಂದು ಹೆಸರು ಇರುತ್ತಿತ್ತು. "ಮುದ್ರೆ ಇದೆ ಅಂದ್ರೆ ಹೊಣೆ ಹೊತ್ತೋನು ಒಬ್ಬ ಇದಾನೆ ಅಂತ," ಎಂಬ ಮಾತು ನನ್ನ ಧ್ವನಿಮುದ್ರಣಗಳಲ್ಲಿ ಹನ್ನೊಂದು ಕಡೆ ಬರುತ್ತದೆ.

ಚಾಕುವಿನ ಹುಚ್ಚು ಹಿಡಿದದ್ದೂ ಕೆಲಸದ ನಡುವೆಯೇ. ಹಗ್ಗದ ವ್ಯಾಪಾರಿಯೊಬ್ಬ ತಕ್ಕಡಿಗೆ ಸುತ್ತಿದ್ದ ದಾರವನ್ನು ಮಡಚುವ ಚಾಕುವಿನಿಂದ ಕತ್ತರಿಸಿದ. ಅಲಗಿನ ಬುಡದಲ್ಲಿ, ಅಕ್ಕಿಕಾಳಿಗಿಂತ ದೊಡ್ಡದಲ್ಲದ ಒಂದು ಕೊಕ್ಕರೆ ಒಂಟಿಕಾಲಿನಲ್ಲಿ ನಿಂತಿತ್ತು.

"ಯಾರ ಮುದ್ರೆಯಪ್ಪಾ ಇದು?"

"ಯಾರಿಗೊತ್ತು ಸಾರ್. ನಮ್ಮಪ್ಪನ ಕಾಲದ್ದು."

ಯಾರಿಗೂ ಗೊತ್ತಿಲ್ಲದ ಮುದ್ರೆಯೊಂದು ಲೋಕದಲ್ಲಿ ಓಡಾಡಿಕೊಂಡಿರುವುದು ಇನ್ಸ್‌ಪೆಕ್ಟರರಿಗೆ ಸಹಿಸಲಸಾಧ್ಯವಾಯಿತು. ವಾರದಲ್ಲಿ ನಾಲ್ಕು ಸಲ ಬಂದು ಅದೇ ಪ್ರಶ್ನೆ ಕೇಳಿದ ಮೇಲೆ ವ್ಯಾಪಾರಿ ಕೈಮುಗಿದು, "ತಗೊಂಡೇ ಹೋಗಿ ಸಾರ್, ನನ್ನನ್ನು ಬಿಟ್ಟುಬಿಡಿ," ಎಂದ. ಇಲಾಖೆಯವನು ಪುಕ್ಕಟೆ ಪಡೆಯಬಾರದೆಂದು ಇವರು ಹೊಸ ಚಾಕುವೊಂದನ್ನು ತಂದುಕೊಟ್ಟು ಹಳೆಯದನ್ನು ಪಡೆದರು.

ಅಲ್ಲಿಂದ ಮುಂದೆ ಚಾಕುಗಳು ಬರುತ್ತಲೇ ಹೋದವು. ಮೂರು ಕೋಣೆಯ ಮನೆಯಲ್ಲಿ ಒಂದು ಕೋಣೆ ಅವುಗಳ ಪಾಲಾಯಿತು. ಕನ್ನಡಕದ ಅಂಗಡಿಯವರು ಹೊರಹಾಕಿದ ಬೀರುವಿನ ಅಗಲವಾದ ಡ್ರಾಯರುಗಳಲ್ಲಿ, ಒಂದೊಂದಕ್ಕೂ ಉದ್ದ, ತೂಕ, ಮುದ್ರೆಯ ಚಿತ್ರ ಬರೆದ ಚೀಟಿ ಕಟ್ಟಿ ಮಲಗಿಸಿದ್ದಾರೆ. ಮನೆಯ ಟವೆಲುಗಳೂ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಹೊಡೆಯುತ್ತವೆ. ಆಸ್ಪತ್ರೆಯ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸಾಗಿದ್ದ ಅವರ ಹೆಂಡತಿ ಹೇಳುವಂತೆ, "ನನ್ನ ರೋಗಿಗಳಿಗೂ ಇಷ್ಟು ಶುಶ್ರೂಷೆ ಆಗಿರ್ಲಿಲ್ಲ."

ಇನ್ನೂರ ಹನ್ನೊಂದರಲ್ಲಿ ಕೊಕ್ಕರೆಯವು ಹದಿನಾರು. ಅವುಗಳ ತಯಾರಕನಿಗಾಗಿ ಇನ್ಸ್‌ಪೆಕ್ಟರರು ಹನ್ನೆರಡು ವರ್ಷ ಹುಡುಕಿದರು. ಕೊನೆಗೆ ಗೂಡ್ಸ್ ಶೆಡ್ಡಿನ ಹಿಂದೆ ಬಣ್ಣದ ಅಂಗಡಿಯೊಂದರ ಬೋರ್ಡು ಕೆರೆಸಿದಾಗ ಅಡಿಯಲ್ಲಿ ಅದೇ ಕೊಕ್ಕರೆ ಸಿಕ್ಕಿತು. ಅಲ್ಲಿ ಮೊದಲಿದ್ದದ್ದು ಕಬ್ಬಿಣದ ಸಾಮಾನಿನ ಅಂಗಡಿ. ಅದರ ಯಜಮಾನನೇ ತಯಾರಕನೆಂದು ತೀರ್ಮಾನಿಸಿ ಇವರು ನಲವತ್ನಾಲ್ಕು ಪುಟದ ಪುಸ್ತಿಕೆ ಬರೆದರು. ಅದನ್ನು ನೋಡಿ ನಗರದ ವಸ್ತುಸಂಗ್ರಹಾಲಯದವರು ಹದಿನಾರು ಚಾಕುಗಳನ್ನೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಪ್ರದರ್ಶಿಸಲು ಒಪ್ಪಿದರು. ಪ್ರತಿ ಚಾಕುವಿನ ಮುಂದೆ ಒಂದು ಫಲಕ, ಫಲಕದಲ್ಲಿ 'ತಯಾರಕರು' ಎಂಬ ಒಂದು ಸಾಲು. ತಿಂಗಳ ಕೊನೆಯೊಳಗೆ ಆ ಹೆಸರನ್ನು ಬರೆದುಕೊಡಬೇಕಿತ್ತು.

ಇದಕ್ಕೆ ಅಡ್ಡಿ ತಂದದ್ದು ನನ್ನ ಬಳಿಯಿದ್ದ ಒಂದು ಹಳೆಯ ಧ್ವನಿಮುದ್ರಣ. ಎರಡು ವರ್ಷಗಳ ಹಿಂದೆ ಲಾಂಡ್ರಿಯೊಂದರ ಮೇಲಿನ ಒಂಟಿ ಕೋಣೆಯಲ್ಲಿ ವಾಸಿಸುವ ವೃದ್ಧೆಯೊಬ್ಬರೊಂದಿಗೆ ನಾನು ಮಾತನಾಡಿದ್ದೆ. ಎಂಬತ್ತೆಂಟು ವರ್ಷದ ಅವರು ಹದಿನಾರನೆಯ ವಯಸ್ಸಿನಿಂದ ಚಾಕುಗಳಿಗೆ ಕೊಂಬಿನ ಹಿಡಿ ಕೂರಿಸುತ್ತಿದ್ದವರು. ಯಾವ ಅಂಗಡಿಗೆಂದು ನಾನು ಆಗ ವಿಚಾರಿಸಿರಲಿಲ್ಲ. ಅದು ನನ್ನ ತಪ್ಪು. ಆ ಧ್ವನಿಮುದ್ರಣವನ್ನು ಮತ್ತೆ ಕೇಳುವಾಗ ಅವರು ಅಂಗಡಿಯ ಮುಂದಿನ ಕೊಕ್ಕರೆಯ ಬೋರ್ಡನ್ನು ಪ್ರಸ್ತಾಪಿಸಿದ್ದು ಕಿವಿಗೆ ಬಿತ್ತು. ಅವರ ಒಪ್ಪಿಗೆ ಪಡೆದು ಆ ಭಾಗವನ್ನು ಇನ್ಸ್‌ಪೆಕ್ಟರರಿಗೆ ಕೇಳಿಸಿದೆ.

"ಯಜಮಾನ್ರು ಒಂದಿನ ಅರ ಹಿಡಿದದ್ದು ನಾನಂತೂ ಕಾಣೆ. ಗಲ್ಲಾ ಬಿಟ್ಟು ಎದ್ದೋರಲ್ಲ ಅವರು. ಅಂಗಡಿ ಹಿಂದಿನ ಶೆಡ್ಡಲ್ಲಿ ಚಾಕು ಮಾಡ್ತಿದ್ದದ್ದು ನಮ್ಮಕ್ಕ."

ಇನ್ಸ್‌ಪೆಕ್ಟರರು ಮೂರು ಸಲ ಕೇಳಿ, "ದಾಖಲೆ?" ಎಂದರು.

ಮುಂದಿನ ವಾರ ವೃದ್ಧೆಯೇ ಅವರ ಊಟದ ಮೇಜಿನ ಮುಂದೆ ಬಂದು ಕುಳಿತರು. ದಾಖಲೆಯ ಪ್ರಶ್ನೆ ಎದ್ದ ತಕ್ಷಣ ಕೈಚೀಲದಿಂದ ಕನ್ನಡಕ ತೆಗೆದರು.

"ಇದೆ. ಒಳಗಿದೆ. ಬಿಚ್ಚಿ."

ಅವರ ವಿವರಣೆ ಸರಳವಾಗಿತ್ತು. ಶೆಡ್ಡಿನಲ್ಲಿ ಮೂರು ಮಂದಿ ಅಲಗು ಮತ್ತು ಸ್ಪ್ರಿಂಗು ಮಾಡುತ್ತಿದ್ದರು. ಹಿಡಿಯ ಒಳಗೆ ಅಡಗುವ ಸ್ಪ್ರಿಂಗಿನ ಬೆನ್ನಿಗೆ ಪ್ರತಿಯೊಬ್ಬರೂ ಅರದಿಂದ ಗೀರು ಹಾಕುತ್ತಿದ್ದರು. ಅಕ್ಕನದು ಮೂರು ಗೀರು, ಎಡಗೈಯಲ್ಲಿ ಕೆಲಸ ಮಾಡುತ್ತಿದ್ದ 'ಎಡಚ'ನದು ಎರಡು, ಬೇಗ ಕೆಲಸ ಬಿಟ್ಟುಹೋದ ಮತ್ತೊಬ್ಬನದು ಒಂದು. ಚಾಕು ಕೆಟ್ಟು ವಾಪಸ್ಸು ಬಂದರೆ ಯಾರನ್ನು ಬೈಯಬೇಕೆಂದು ತಿಳಿಯಲು ಯಜಮಾನ ಮಾಡಿದ್ದ ಏರ್ಪಾಡು ಅದು.

"ಅಕ್ಕನ ಚಾಕು ವಾಪಸ್ಸು ಬರ್ತಾನೇ ಇರ್ಲಿಲ್ಲ. ಹಾಗಾಗಿ ಅವಳ ಗೀರು ಯಾರೂ ನೋಡಿಲ್ಲ."

"ಅಮ್ಮಾ, ಬಿಚ್ಚೋದು ಅಂದ್ರೆ ಹಿಡಿ ಬಿಗಿದಿರೋ ರಿವಿಟ್ಟು ಹೊಡೆದು ತೆಗೀಬೇಕು. ಎಪ್ಪತ್ತು ವರ್ಷದ ಹಿತ್ತಾಳೆ ರಿವಿಟ್ಟು! ಆಮೇಲೆ ಅದು ಹಳೇ ಚಾಕು ಅಲ್ಲ, ರಿಪೇರಿ ಚಾಕು."

"ಅದು ನಮ್ಮಕ್ಕನ ಚಾಕು ಅಂತ ಹೇಳ್ತಿದೀನಿ, ನಿಮಗೆ ರಿವಿಟ್ಟಿನ ಚಿಂತೆ."

"ನೀವು ಹೇಳಿದ್ರೆ ಆಯ್ತಾ?"

"ಮತ್ತೆ ಬೋರ್ಡು ಹೇಳಿದ್ರೆ ಆಯ್ತಾ?"

ಇನ್ಸ್‌ಪೆಕ್ಟರರ ಹೆಂಡತಿ ಕಾಫಿ ಲೋಟಗಳನ್ನು ಮೇಜಿನ ಮೇಲೆ ಸದ್ದಾಗುವಂತೆ ಇಟ್ಟರು. "ರೀ, ಊರಿನ ತಕ್ಕಡಿಯನ್ನೆಲ್ಲಾ ಬಿಚ್ಚಿ ನೋಡಿದೋರು ನೀವು. ಒಂದು ಚಾಕು ಬಿಚ್ಚೋಕೆ ಇಷ್ಟು ಕುಯ್ಯೋ ಮುರ್ರೋ ಅಂತೀರಲ್ಲ."

ಒಂದು ಗಂಟೆಯ ಜಗ್ಗಾಟದ ನಂತರ ಇನ್ಸ್‌ಪೆಕ್ಟರರು ಹದಿನಾರರಲ್ಲಿ ಅತ್ಯಂತ ಕಳಪೆಯಾದದ್ದನ್ನು ತಂದರು. ಹಿಡಿ ಮೊದಲೇ ಸೀಳಿತ್ತು, ಅಲಗು ಅಲ್ಲಾಡುತ್ತಿತ್ತು. ಸಣ್ಣ ಸುತ್ತಿಗೆ ಮತ್ತು ಮೊಂಡು ಮೊಳೆಯಿಂದ ರಿವಿಟ್ಟುಗಳನ್ನು ತೆಗೆದು, ಸ್ಪ್ರಿಂಗನ್ನು ಹೊರಗೆಳೆದು ಭೂತಗನ್ನಡಿಯ ಕೆಳಗಿಟ್ಟರು. ಎರಡು ಗೀರುಗಳಿದ್ದವು.

"ಎಡಚಂದು," ಎಂದು ವೃದ್ಧೆ ಗೆದ್ದವರಂತೆ ಕುರ್ಚಿಗೆ ಒರಗಿದರು. "ಕೆಟ್ಟಿದ್ದೇ ಹುಡುಕಿ ತಂದ್ರೆ ಇನ್ಯಾರದು ಸಿಗುತ್ತೆ? ಒಳ್ಳೇದು ತನ್ನಿ."

ಆಕೆಯ ತರ್ಕದಲ್ಲಿ ಲೋಪವಿರಲಿಲ್ಲ. ಇನ್ಸ್‌ಪೆಕ್ಟರರು ಅದನ್ನು ಅರಿತಿದ್ದರಿಂದಲೇ ಮತ್ತಷ್ಟು ಕೆರಳಿದರು. ಅವರ ಬಳಿ ನಿಜಕ್ಕೂ ಒಳ್ಳೆಯದು ಎಂದರೆ ಒಂದೇ ಇತ್ತು. ಎರಡು ಅಲಗಿನ, ಕಪ್ಪು ಕೊಂಬಿನ ಹಿಡಿಯ, ಇಂದಿಗೂ ಮುಚ್ಚಿದರೆ ಬೆರಳು ನಟಿಕೆ ಮುರಿದಂತೆ ಸದ್ದು ಮಾಡುವ ಚಾಕು ಅದು. ಹನ್ನೊಂದು ದಿನ ಅವರು ಯೋಚಿಸಿದರು. ಆ ಹನ್ನೊಂದು ದಿನವೂ ಅವರ ಹೆಂಡತಿ ನನಗೆ ಫೋನು ಮಾಡಿ, "ಬಂದು ಇವರನ್ನು ಎಲ್ಲಿಗಾದ್ರೂ ಕರ್ಕೊಂಡು ಹೋಗಿ, ಪುಣ್ಯ ಬರುತ್ತೆ," ಎನ್ನುತ್ತಿದ್ದರು.

ಹನ್ನೆರಡನೆಯ ದಿನ ನಾವೆಲ್ಲ ಮತ್ತೆ ಅದೇ ಮೇಜಿನ ಸುತ್ತ ಸೇರಿದೆವು. ಮೊದಲ ರಿವಿಟ್ಟು ಸಲೀಸಾಗಿ ಬಂತು. ಎರಡನೆಯದಕ್ಕೆ ಸುತ್ತಿಗೆಯ ಏಟು ಬಿದ್ದಾಗ ಕೊಂಬಿನ ಹಿಡಿ ತುದಿಯಿಂದ ತುದಿಗೆ ಸೀಳಿತು. ಇನ್ಸ್‌ಪೆಕ್ಟರರು ಕೆಲಸ ನಿಲ್ಲಿಸದೆ ಸ್ಪ್ರಿಂಗನ್ನು ಹೊರತೆಗೆದು ಒರೆಸಿ, ಭೂತಗನ್ನಡಿಯನ್ನು ತಾವು ನೋಡುವ ಮೊದಲೇ ವೃದ್ಧೆಯ ಕಡೆ ತಳ್ಳಿದರು.

ಮೂರು ಗೀರುಗಳು, ಒಂದಕ್ಕೊಂದು ಸಮಾನಾಂತರವಾಗಿ, ಅಚ್ಚು ಹಾಕಿದಂತೆ.

"ಬರ್ಕೊಳ್ಳಿ ಈಗ," ಎಂದು ವೃದ್ಧೆ ಅಕ್ಕನ ಪೂರ್ಣ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. "ಹದಿನಾರಕ್ಕೂ ಅದೇ ಹಾಕಿ. ಎಡಚಂದು ಒಂದು ಬಿಟ್ಟು."

"ಒಂದಕ್ಕೆ ಹಾಕ್ತೀನಿ. ಉಳಿದ ಹದಿನಾಲ್ಕರ ಒಳಗೆ ನೋಡಿಲ್ಲವಲ್ಲ."

"ನೋಡಿ ಮತ್ತೆ!"

"ಹದಿನಾಲ್ಕೂ ಒಡೀಲಾ?" ಇನ್ಸ್‌ಪೆಕ್ಟರರ ಧ್ವನಿ ಏರಿತು. "ಈ ಹಿಡಿ ಗತಿ ನೋಡಿದ್ರಲ್ಲ?"

"ಒಡೀಬೇಡಿ. ಕೈಗೆ ಕೊಡಿ. ಮುಚ್ಚೋವಾಗ ಸ್ಪ್ರಿಂಗು ಹೆಬ್ಬೆರಳಿಗೆ ಹೇಳುತ್ತೆ. ಐದು ವರ್ಷ ಹಿಡಿ ಕೂರಿಸಿದೀನಿ, ಅಷ್ಟೂ ಗೊತ್ತಾಗಲ್ವಾ?"

"ಹೆಬ್ಬೆರಳು ದಾಖಲೆ ಆಗಲ್ಲ, ಅಮ್ಮ."

"ಪರೀಕ್ಷೆ ಮಾಡಿ. ಅದೇ ತಾನೆ ನಿಮ್ಮ ಕಸುಬು?"

ಇನ್ಸ್‌ಪೆಕ್ಟರರು ಪರೀಕ್ಷೆಗೆ ಇಳಿದೇಬಿಟ್ಟರು. ಬಿಚ್ಚಿದ ಎರಡು ಚಾಕುಗಳಿಗೂ ತಾತ್ಕಾಲಿಕವಾಗಿ ಹೊಸ ರಿವಿಟ್ಟು ಹಾಕಿ, ಹಿಡಿಯಲ್ಲಿ ವ್ಯತ್ಯಾಸ ತಿಳಿಯದಂತೆ ಎರಡಕ್ಕೂ ಬಟ್ಟೆ ಸುತ್ತಿದರು. ಅಲಗಿನ ಅಲುಗಾಟ ಗುಟ್ಟು ಬಿಟ್ಟುಕೊಡದಂತೆ ಎಡಚನ ಚಾಕುವಿನ ಬುಡಕ್ಕೆ ತೆಳುವಾದ ತಗಡು ಕೊಟ್ಟು ಬಿಗಿ ಮಾಡಿದರು. ಎರಡು ಅಲಗಿನದರಲ್ಲಿ ಒಂದನ್ನು ಬಟ್ಟೆಯೊಳಗೆ ಸೇರಿಸಿ ಕಟ್ಟಿದರು. ವೃದ್ಧೆಯ ಕಣ್ಣಿಗೆ ಟವೆಲು ಕಟ್ಟಲಾಯಿತು. ಇನ್ಸ್‌ಪೆಕ್ಟರರು ಗೋಡೆಗೆ ಮುಖ ಮಾಡಿ ಕುಳಿತರು. ಅವರ ಹೆಂಡತಿ ತಮಗೆ ತೋಚಿದ ಕ್ರಮದಲ್ಲಿ ಹತ್ತು ಸಲ ಚಾಕು ಕೊಟ್ಟು, ಕೊಟ್ಟದ್ದನ್ನು ಹಾಳೆಯಲ್ಲಿ ಗುರುತು ಮಾಡುವುದೆಂದು ಗೊತ್ತಾಯಿತು.

ಅಕ್ಕ, ಎಡಚ, ಎಡಚ, ಅಕ್ಕ ಎಂದು ವೃದ್ಧೆ ಹೇಳುತ್ತಾ ಹೋದರು. ಹತ್ತರಲ್ಲಿ ಹತ್ತೂ ಸರಿಯಾಗಿದ್ದವು. ನಾನು ಹಾಳೆಯನ್ನು ಎರಡು ಸಲ ಪರಿಶೀಲಿಸಿದೆ. ಇನ್ಸ್‌ಪೆಕ್ಟರರು ನಾಲ್ಕು ಸಲ ಪರಿಶೀಲಿಸಿ, ಇನ್ನೂ ಹತ್ತು ಸಲ ಮಾಡಿಸಿದರು. ಅದೂ ಸರಿಬಂತು.

"ಟವೆಲು ಬಿಚ್ತೀರೋ, ಹೀಗೇ ಮನೆಗೆ ಕಳಿಸ್ತೀರೋ?" ಎಂದರು ವೃದ್ಧೆ.

ಆ ಮಧ್ಯಾಹ್ನವೇ ಉಳಿದ ಹದಿನಾಲ್ಕು ಚಾಕುಗಳು ಒಂದೊಂದಾಗಿ ಅವರ ಕೈಗೆ ಬಂದವು. ಅವರು ಅಲಗನ್ನು ಅರ್ಧ ತೆರೆದು, ಹೆಬ್ಬೆರಳನ್ನು ಬೆನ್ನಿಗೊತ್ತಿ, ನಿಧಾನವಾಗಿ ಮುಚ್ಚುತ್ತಿದ್ದರು. ಹನ್ನೊಂದನ್ನು ಅಕ್ಕನ ಪಾಲಿಗೆ, ಎರಡನ್ನು ಎಡಚನ ಪಾಲಿಗೆ ಹಾಕಿದರು. ಕೊನೆಯದನ್ನು ಮೂರು ಸಲ ತೆರೆದು ಮುಚ್ಚಿ, ಮೇಜಿನ ಮೇಲಿಟ್ಟು ಬೆರಳಿನಿಂದ ದೂರ ತಳ್ಳಿದರು.

"ಇದು?" ಇನ್ಸ್‌ಪೆಕ್ಟರರು ಲೇಖನಿ ಎತ್ತಿ ಹಿಡಿದಿದ್ದರು.

"ಗೊತ್ತು. ಬರೀಬೇಡಿ."

"ಒಂದು ಗೀರಿನವನದಾ?"

"ಅಲ್ಲ."

"ಶೆಡ್ಡಲ್ಲಿ ಇದ್ದದ್ದೇ ಮೂವರು ಅಂದ್ರಿ!"

"ಅಕ್ಕಂಗೆ ಜ್ವರ ಬಂದಿತ್ತು ಆ ವಾರ. ಆರ್ಡರಿಗೆ ಒಂದು ಚಾಕು ಕಡಿಮೆ ಬಿತ್ತು. ಯಾರೋ ಮಾಡಿದ್ರು. ಸ್ಪ್ರಿಂಗು ನೋಡಿ, ಹೆಂಗಿದೆ, ಸೀಬೆಕಾಯಿ ಕಚ್ಚಿದಂಗೆ. ಅಕ್ಕ ಎದ್ದು ಬಂದು ನೋಡಿ ಎಷ್ಟು ನಕ್ಕಳು ಅಂದ್ರೆ..." ಅವರು ಮಾತು ನಿಲ್ಲಿಸಿ ಕನ್ನಡಕವನ್ನು ಚೀಲಕ್ಕೆ ಹಾಕಿಕೊಂಡರು. "ನಾನು ಹಿಡಿ ಕೂರಿಸೋಳು. ಅಷ್ಟೇ ಬರ್ಕೊಳ್ಳಿ."

ಇನ್ಸ್‌ಪೆಕ್ಟರರು ಅವರ ಕೈಗಳನ್ನು ನೋಡಿದರು, ಚಾಕುವನ್ನು ನೋಡಿದರು, ನನ್ನನ್ನು ನೋಡಿದರು. ಸಾಕ್ಷಿ ತಾನಾಗಿ ಹೇಳದ ಹೊರತು ಹೆಸರು ನಮೂದಿಸುವುದಿಲ್ಲ ಎಂಬುದು ನಮ್ಮಿಬ್ಬರ ಕಸುಬಿನಲ್ಲೂ ಇರುವ ನಿಯಮ. ನಾನು ತಲೆಯಾಡಿಸಿದೆ. ಅವರು ದೀರ್ಘವಾಗಿ ನಿಟ್ಟುಸಿರುಬಿಟ್ಟು ಬರೆಯತೊಡಗಿದರು.

ಮೂರು ದಿನದ ನಂತರ ನಾನು ಅವರ ಮನೆಯಲ್ಲಿದ್ದಾಗಲೇ ವಸ್ತುಸಂಗ್ರಹಾಲಯದ ಅಧಿಕಾರಿಯ ಫೋನು ಬಂತು. ಅಲಗಿನ ಮೇಲೆ ಒಬ್ಬರ ಮುದ್ರೆ, ಫಲಕದ ಮೇಲೆ ಇನ್ನೊಬ್ಬರ ಹೆಸರು ಹೇಗೆ ಬರಲು ಸಾಧ್ಯವೆಂದು ಆ ಕಡೆಯಿಂದ ಗದರುತ್ತಿದ್ದದ್ದು ನಮಗೂ ಕೇಳಿಸಿತು.

"ಮುದ್ರೆ ಮಾರಿದವನದು ಸಾರ್. ಮಾಡಿದೋರದಲ್ಲ. ನನಗೂ ಹನ್ನೆರಡು ವರ್ಷ ಹಿಡೀತು, ನಿಮಗೆ ಒಂದು ವಾರ ಹಿಡೀಲಿ... ಹೌದು, ಪುಸ್ತಿಕೆ ತಪ್ಪು. ನನ್ನದೇ ತಪ್ಪು... ಹನ್ನೆರಡಕ್ಕೆ ಆಕೆ ಹೆಸರು. ಒಂದು ಬಿಚ್ಚಿ ನೋಡಿದ್ದು, ಹನ್ನೊಂದು ಕೈಯಿಂದ ಗುರುತಿಸಿದ್ದು, ಅದನ್ನೂ ಫಲಕದಲ್ಲೇ ಹಾಕಿ... ಹಿಡಿ ಸೀಳಿದ್ರೆ ಸೀಳಿದ್ದನ್ನೇ ಇಡಿ. ಹಾಗೇ ಇಡಿ."

ಆ ಕಡೆಯ ಧ್ವನಿ ಇನ್ನೇನನ್ನೋ ಓದಿ ಹೇಳಿತು. ಇನ್ಸ್‌ಪೆಕ್ಟರರು ಕಣ್ಣು ಮುಚ್ಚಿಕೊಂಡರು.

"ಸರಿಯಾಗೇ ಓದಿದೀರಿ ಸಾರ್. ಹದಿನಾರನೇದು. 'ತಯಾರಕರು: ಯಾರೆಂದು ತಿಳಿದಿದೆ, ಹೇಳಲು ಒಪ್ಪಿಲ್ಲ.' ಹೌದು, ಅಷ್ಟೇ. ಪೂರ್ಣವಿರಾಮ ಹಾಕಿ."