ಹೂವಿಲ್ಲದ ಬೋದಿಗೆಗಳು

ನನ್ನ ಅಕ್ಷರ ದುಂಡಗಿಲ್ಲ, ಪದಗಳೂ ಅಲ್ಲಲ್ಲಿ ತಡವರಿಸುತ್ತವೆ, ಓದುವವರು ಕ್ಷಮಿಸಬೇಕು. ಶಾಲೆ ಅರ್ಧಕ್ಕೇ ಬಿಟ್ಟವಳು ನಾನು. ಆದರೂ ಇಲ್ಲಿರುವುದನ್ನೆಲ್ಲ ಪಕ್ಕದ ಮನೆಯ ಚಾರ್ಲ್ಸ್ ಅಂಕಲ್ ಮತ್ತು ಐವಿ ಆಂಟಿಯನ್ನು ಕೇಳಿ, ಸಂಶಯ ಬಂದಲ್ಲಿ ಮತ್ತೆ ಕೇಳಿ ಬರೆದಿದ್ದೇನೆ.

ಚಾರ್ಲ್ಸ್ ಅಂಕಲ್ ಮಂಗಳೂರಿನವರು, ಕಡಲು ದಾಟಿ ಮಲಯ್ ಮಾತಾಡುವ ಈ ನಾಡಿಗೆ ಬಂದು ನೆಲೆಸಿದವರು. ಇಲ್ಲಿಯ ಬಯಾನ್ ಲೆಪಾಸ್‌ನ ಚಿಪ್ ಫ್ಯಾಕ್ಟರಿಗಳಿಗೆ ನಕ್ಷೆ ಬರೆದೇ ತಲೆಗೂದಲು ನೆರೆಸಿಕೊಂಡವರು. ಫ್ಯಾಕ್ಟರಿಯೊಳಗೆ ಒಂದು ಕಂಬ ಇದ್ದ ಹಾಗೆಯೇ ಇನ್ನೊಂದು. ಕಂಪ್ಯೂಟರಿನಲ್ಲಿ ಒಂದನ್ನು ಬರೆದು ಕಾಪಿ ಒತ್ತಿದರೆ ಸಾಕು, ಉಳಿದವು ಸಿಪಾಯಿಗಳ ಹಾಗೆ ಸಾಲು ನಿಲ್ಲುತ್ತವೆ. ಅವರ ಕೈವೇಗಕ್ಕೆ ಹೆಸರಿತ್ತು, ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು. ಕೊರೋನಾ ಬಂದ ವರ್ಷ ಹೊಸ ಕಟ್ಟಡಗಳು ನಿಂತುಹೋದವು; ಅಂಕಲ್ ಕೆಲಸವೂ ಹೋಯಿತು.

೨೦೨೧ರ ಜನವರಿ, ನಮ್ಮಲ್ಲಿ ಎರಡನೆಯ ಲಾಕ್‌ಡೌನ್. ಇಂಗ್ಲೆಂಡಿಗೆ ಹೋಗಿ ನೆಲೆಸಿದ್ದ ಹಳೆಯ ಸಹೋದ್ಯೋಗಿಯೊಬ್ಬರ ಮಾತಿನ ಮೇಲೆ ಅಲ್ಲಿಯ ಹಿಲರಿ ಎಂಬ ಆರ್ಕಿಟೆಕ್ಟ್ ಇವರಿಗೆ ಒಂದು ಕೆಲಸ ಕಳಿಸಿದರು. ಯಾವುದೋ ಹಳ್ಳಿಯ ಚರ್ಚ್, ಕಟ್ಟಿ ಏಳುನೂರು ವರ್ಷ ಹತ್ತಿರವಾಗಿತ್ತು. ಲೇಸರ್ ಯಂತ್ರದಿಂದ ಅದನ್ನು ಒಳಗೂ ಹೊರಗೂ ಅಳೆದು, ಫೋಟೋ ತೆಗೆದು, ಬೀಗ ಹಾಕಿದ್ದರು. ಅಳತೆಯೆಲ್ಲ ಕಂಪ್ಯೂಟರಿನಲ್ಲಿ ಚುಕ್ಕಿಗಳಾಗಿ ಕಾಣುತ್ತಿತ್ತು; ಆ ಚುಕ್ಕಿಗಳನ್ನು ನೋಡಿ ಅಂಕಲ್ ದುರಸ್ತಿಗೆ ಬೇಕಾದ ನಕ್ಷೆ ಬರೆಯಬೇಕು. ಇದು ಪರೀಕ್ಷೆಯ ಕೆಲಸ. ಒಪ್ಪಿಗೆಯಾದರೆ ಗಂಟೆಗೋಪುರದ್ದೂ ಅವರಿಗೇ. ಆಗದಿದ್ದರೆ, ಆ ವಯಸ್ಸಿನಲ್ಲಿ ಇನ್ನು ಯಾರೂ ಕರೆಯುವುದಿಲ್ಲ, ಗೆರೆ ಎಳೆಯುವ ಕಸುಬು ಅಲ್ಲಿಗೆ ಮುಗಿದಂತೆ ಎಂದು ಅವರಿಗೆ ಗೊತ್ತಿತ್ತು.

ಪೂರ್ವಕ್ಕೆ ಬಲಿಪೀಠ, ಪಶ್ಚಿಮಕ್ಕೆ ಗೋಪುರ, ನಡುವೆ ಜನ ಕೂರುವ ಉದ್ದನೆಯ ಅಂಕಣ. ಅಂಕಣದ ಒಂದು ಪಕ್ಕದಲ್ಲಿ ಚೂಪು ಕಮಾನುಗಳನ್ನು ಹೊತ್ತ ಆರು ಕಂಬ. ಬಲಿಪೀಠದ ಕಡೆಯ ಮೊದಲ ಕಂಬದ ತಲೆಯ ಮೇಲಿನ ಬೋದಿಗೆಯಲ್ಲಿ ಓಕ್ ಎಲೆ, ಮೊಗ್ಗು, ಹೂವು. ಅದನ್ನು ಅಂಕಲ್ ಪ್ರೀತಿಯಿಂದ ಬರೆದರು. ಗೋಪುರದ ಕಡೆ ಸೂರು ಸೋರುತ್ತಿದ್ದುದರಿಂದ ಕಟ್ಟಿದ ಅಟ್ಟಣಿಗೆ ಅಡ್ಡ ಬಂದು ಚುಕ್ಕಿಗಳು ಕಲಸಿಹೋಗಿದ್ದವು. ಅಂಕಲ್ ತಲೆಕೆಡಿಸಿಕೊಳ್ಳಲಿಲ್ಲ. ಕಾಪಿ ಒತ್ತಿದರು. ಆರೂ ಕಂಬ ಎದ್ದು ನಿಂತವು. ಹೇಳಿದ ದಿನಕ್ಕಿಂತ ಮೊದಲೇ ಕಳಿಸಿ, ಮೀಸೆ ತಿರುವಿದರು.

ಮರುದಿನ ಚಹಾ ಹೊತ್ತಿಗೆ ಹೆಂಡತಿಗೆ ತೋರಿಸಲು ನಕ್ಷೆಯನ್ನೂ ಫೋಟೋಗಳನ್ನೂ ಅಕ್ಕಪಕ್ಕ ತೆರೆದರು. ಐವಿ ಆಂಟಿ ಕನ್ನಡಕ ಏರಿಸಿ ನೋಡಿ, ನಾಲ್ಕನೆಯ ಕಂಬದ ಮೇಲೆ ಬೆರಳಿಟ್ಟರು.

"ಎಂತ ಮಾರಾಯ್ರೆ, ಇದಕ್ಕೆ ಹೂ ಮುಡಿಸಿದ್ದು ನೀವಾ? ಫೋಟೋದಲ್ಲಿ ಇದರ ತಲೆ ಬೋಳಲ್ಲವಾ?"

ಅಂಕಲ್ ಫೋಟೋ ಹಿಗ್ಗಿಸಿದರು. ಅಟ್ಟಣಿಗೆಯ ಸಂದಿಯಲ್ಲಿ ಕಂಡದ್ದು ಬರೀ ಎರಡು ಕಲ್ಲಿನ ಬಳೆ. ಎಲೆಯೂ ಇಲ್ಲ, ಮೊಗ್ಗೂ ಇಲ್ಲ. ಅದರ ಪಕ್ಕದ್ದೂ ಹಾಗೆಯೇ, ಕೊನೆಯದೂ ಹಾಗೆಯೇ. ಚಹಾ ಆರಿಹೋಯಿತು.

ಕಳಿಸಿ ಆಯಿತಲ್ಲ, ಅವರಿಗೂ ಕಣ್ಣಿದೆ, ನೋಡಿಕೊಳ್ಳುತ್ತಾರೆ ಬಿಡಿ ಲಾ ಎಂದು ಆಂಟಿ ಇಲ್ಲಿಯವರ ಧಾಟಿಯಲ್ಲೇ ಸಮಾಧಾನ ಹೇಳಿದರು.

"ಕಣ್ಣಿದ್ದರೇನು, ಚರ್ಚ್‌ಗೆ ಬೀಗ ಬಿದ್ದಿದೆ ಮಾರಾಯ್ತಿ. ಕಲ್ಲು ಕೆತ್ತುವವನು ನನ್ನ ಗೆರೆ ನಂಬಿ ಉಳಿ ಹಿಡಿಯುತ್ತಾನೆ."

ಇಂಗ್ಲೆಂಡಿನಲ್ಲಿ ಬೆಳಗಾಗುವುದನ್ನೇ ಕಾದು ಅವರೇ ಫೋನ್ ಮಾಡಿದರು. ಸುತ್ತುಬಳಸಲಿಲ್ಲ. ಮೂರು ಕಂಬಗಳನ್ನು ನೋಡದೆ ಬರೆದೆ, ತಪ್ಪು ನನ್ನದು, ಸೋಮವಾರದೊಳಗೆ ಸರಿಯಾದ ನಕ್ಷೆ ಕೊಡುತ್ತೇನೆ, ಅದನ್ನು ನೋಡಿ ಕೆಲಸ ಕೊಡುವುದೋ ಬಿಡುವುದೋ ತೀರ್ಮಾನಿಸಿ ಎಂದರು. ಹಿಲರಿ ಸರಿಯಾದ ನಕ್ಷೆ ಬರಲಿ ಎಂದರೇ ಹೊರತು ಕೆಲಸದ ಮಾತೆತ್ತಲಿಲ್ಲ. ಆದರೆ ಆ ಕಂಬಗಳ ಕಥೆ ಹೇಳಿದರು. ಚರ್ಚನ್ನು ಪೂರ್ವದಿಂದ ಕಟ್ಟುತ್ತ ಬಂದಿದ್ದರು. ಮೂರು ಕಂಬ ಎದ್ದ ಹೊತ್ತಿಗೆ, ೧೩೪೯ರಲ್ಲಿ, ಆ ಸೀಮೆಗೆ ಪ್ಲೇಗು ನುಗ್ಗಿತು. ಎಲೆ ಕೆತ್ತುವ ಕೈಗಳು ಮತ್ತೆ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಊರಿನವರು ಇದ್ದವರನ್ನೇ ಕಟ್ಟಿಕೊಂಡು ಉಳಿದ ಮೂರನ್ನು ಎಬ್ಬಿಸಿದರು. ಹೂವು ಬರಲಿಲ್ಲ, ಸೂರು ಬಂತು.

ಫೋನ್ ಇಟ್ಟು ಅಂಕಲ್ ಬಾಲ್ಕನಿಯಲ್ಲಿ ನಿಂತರು. ಎದುರಿನ ವಿಮಾನ ನಿಲ್ದಾಣದಲ್ಲಿ ಒಂದು ವಿಮಾನವೂ ಅಲುಗುತ್ತಿರಲಿಲ್ಲ. ಆಮೇಲೆ ಒಳಗೆ ಬಂದು ಕೂತರು. ಈ ಸಲ ಪ್ರತಿಯೊಂದು ಫೋಟೋ ತೆರೆದರು, ಒಂದೊಂದು ಕಂಬವನ್ನೂ ಬೇರೆಯಾಗಿ ಬರೆದರು. ಆಗಲೇ ಕಂಡದ್ದು: ಮೂರನೆಯ ಕಂಬದಾಚೆ ಗೋಡೆಯ ಕಲ್ಲಿನ ಬಣ್ಣವೇ ಬೇರೆ, ಸಾಲುಗಳು ಒಂದಕ್ಕೊಂದು ಕೂಡುವುದಿಲ್ಲ. ಆ ಕೂಡದ ಗೆರೆಯನ್ನೂ ಇದ್ದಂತೆ ಬರೆದರು. ಮೊದಲಿಗಿಂತ ನಿಧಾನ, ಆದರೆ ಕೈ ಎಲ್ಲೂ ಅಳುಕಲಿಲ್ಲ. ಊಟ ಮಾಮಕ್ ಅಂಗಡಿಯಿಂದ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ತಪಾವ್ ಮಾಡಿ ಕಟ್ಟಿಸಿ ತಂದದ್ದು. ಅಡುಗೆಗೆ ಏಳಲು ಆಂಟಿಗೂ ಬಿಡುವಿರಲಿಲ್ಲ, ಅವರು ಪಕ್ಕದಲ್ಲೇ ಕೂತು ತಪ್ಪು ಹುಡುಕುತ್ತಿದ್ದರು.

ಸೋಮವಾರ ನಕ್ಷೆ ಹೋಯಿತು. ಗುರುವಾರ ಉತ್ತರ ಬಂತು. ಗೋಪುರದ ಕೆಲಸ ನಿಮಗೇ, ಆದರೆ ಕಲ್ಲು ಕಲ್ಲನ್ನೂ ನೋಡಿ ಬರೆಯಬೇಕು, ನೋಡಲು ಇನ್ನೊಂದು ಜೊತೆ ಕಣ್ಣು ಇಟ್ಟುಕೊಳ್ಳಿ ಎಂದು ಹಿಲರಿ ಬರೆದಿದ್ದರು.

"ನನ್ನ ಕಣ್ಣಿಗೆ ಸಂಬಳ ಎಷ್ಟು?" ಎಂದರು ಆಂಟಿ.

"ನಿನ್ನದು ತಪ್ಪು ಹಿಡಿಯುವ ಕಣ್ಣು, ಅದು ಮದುವೆಯ ದಿನದಿಂದ ಪುಕ್ಕಟೆ."

ಗೋಪುರದಲ್ಲಿ ಕಲ್ಲುಗಳು ಸಾವಿರಗಟ್ಟಲೆ ಇವೆ. ಆಂಟಿಯೊಬ್ಬರಿಂದ ಆಗುವ ಕೆಲಸವಲ್ಲ. ನಾಳೆ ಬೆಳಿಗ್ಗೆಯಿಂದ ನಾನು ಅವರ ಮನೆಗೆ ಹೋಗಿ, ಫೋಟೋಗಳನ್ನು ಒಂದೊಂದಾಗಿ ತೆರೆದು ಅಂಕಲ್ ಬರೆದ ಗೆರೆಗಳೊಂದಿಗೆ ತಾಳೆ ನೋಡುತ್ತೇನೆ.