ಟ್ರಾನ್ಸ್‌ಫರ್ ಆಯಿತಂತೆ

ರಮ್‌ಸಿನ್ ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದೇ ದಿನದಲ್ಲಿ ಪದವೀಧರನಾದ. ಹಾಗೆಂದು ಅವನು ನಂಬಿದ್ದ, ಅವನ ಅಮ್ಮ ನಂಬಿದ್ದಳು, ಅಮ್ಮನ ಬಾಯಿಯ ದಯೆಯಿಂದ ಟರ್ಲಾಕ್ ಊರಿನಲ್ಲಿ ನೆಲೆಸಿದ, ಇರಾಕ್ ಕಡೆಯ ಅಸಿರಿಯನ್ ಕ್ರೈಸ್ತರಲ್ಲಿ ಅರ್ಧದಷ್ಟು ಜನರೂ ನಂಬಿದ್ದರು.

ಆದದ್ದು ಇಷ್ಟು. ಜೋರ್ಡಾನಿನಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ಹೊಸದರಲ್ಲಿ ಅವನು ಎರಡು ಕಡೆ ಸೇರಿಕೊಂಡ. ಬೆಳಿಗ್ಗೆ ಪಕ್ಕದೂರಿನ ಎರಡು ವರ್ಷದ ಕಾಲೇಜು, ಮಧ್ಯಾಹ್ನದ ಮೇಲೆ ಹೆದ್ದಾರಿ ಬದಿಯ ದೊಡ್ಡ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಕಲಸುವ ಕೆಲಸ. ಕಾಲೇಜಿನ ಮೊದಲ ದಿನ ಯಾರೋ ವೇದಿಕೆಯ ಮೇಲೆ ನಿಂತು, ಇಲ್ಲಿ ಎರಡು ವರ್ಷ ಓದಿದವರಿಗೆ ‘ಅಸೋಸಿಯೇಟ್’ ಎಂಬ ಪದವಿ ಸಿಗುತ್ತದೆ, ಆಮೇಲೆ ನಾಲ್ಕು ವರ್ಷದ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗಿ ಉಳಿದದ್ದನ್ನು ಅಲ್ಲಿ ಮುಗಿಸಬಹುದು ಎಂದರು. ಅದೇ ಸಂಜೆ ಅಂಗಡಿಯಲ್ಲಿ ಅವನ ಅಂಗಿಗೆ ಒಂದು ಬಿಲ್ಲೆ ಚುಚ್ಚಿದರು. ಬಿಲ್ಲೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ರಮ್‌ಸಿನ್, ಅಸೋಸಿಯೇಟ್.

ಆ ಅಂಗಡಿಯಲ್ಲಿ ನೆಲ ಒರೆಸುವವನೂ ಅಸೋಸಿಯೇಟೇ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅಮೆರಿಕ ಎಷ್ಟು ಚುರುಕಿನ ದೇಶ ಎಂದುಕೊಂಡ. ಅಮ್ಮ ಶಮಿರಾನ್ ರಾತ್ರೋರಾತ್ರಿ ಹಿಟ್ಟು ನಾದಿ, ಬೆಣ್ಣೆ ತುಂಬಿದ ಕಾದೆ ಎಂಬ ಸಿಹಿರೊಟ್ಟಿ ಸುಟ್ಟು ಚರ್ಚಿನ ಹಾಲ್‌ನಲ್ಲಿ ಹಂಚಿದಳು. ಮುಂದಿನ ವಾರ ರಮ್‌ಸಿನ್ ಕಾಲೇಜಿನ ಸಲಹೆಗಾರ್ತಿ ಡೆಲ್ಫೀನಾ ಅವರ ಮೇಜಿನ ಮೇಲೆ ಬಿಲ್ಲೆಯನ್ನು ಬಿಚ್ಚಿಟ್ಟು, “ಮೇಡಂ, ಯೂನಿವರ್ಸಿಟಿಗೆ ಹೋಗುವಾಗ ಇದನ್ನೇ ತೋರಿಸಿದ್ರೆ ಸಾಕಾ?” ಎಂದು ಕೇಳಿದ. ಆಕೆ ನಗು ತಡೆಯಲಾಗದೆ ಕುರ್ಚಿಯನ್ನೇ ಗೋಡೆಯ ಕಡೆ ತಿರುಗಿಸಿಕೊಂಡರು. ಕಾದೆ ತಿಂದವರು ಮಾತ್ರ ಇಂದಿಗೂ ಅವನನ್ನು ‘ಅಸೋಸಿಯೇಟ್’ ಎಂದೇ ಕರೆಯುತ್ತಾರೆ.

ಅದಾಗಿ ಏಳು ವರ್ಷ. ಎರಡು ವರ್ಷದ ಕಾಲೇಜು ಅವನಿಗೆ ಇನ್ನೂ ಮುಗಿದಿರಲಿಲ್ಲ. ಮೊದಲು ಅಮ್ಮನಿಗಾಗಿ ಲೆಕ್ಕಶಾಸ್ತ್ರ ಓದಿದ. ಆಮೇಲೆ, ಊರವರೆಲ್ಲ ಅದರಲ್ಲಿ ಕೆಲಸ ಗ್ಯಾರಂಟಿ ಎಂದದ್ದಕ್ಕೆ, ನರ್ಸಿಂಗ್ ಕಡೆ ತಿರುಗಿದ. ರಕ್ತ ಕಂಡು ಅವನೇ ಮಂಚ ಹಿಡಿದದ್ದರಿಂದ ಅದೂ ಅರ್ಧಕ್ಕೆ ನಿಂತಿತು. ಕೊನೆಗೆ, ಸುಲಭವಂತೆ ಎಂದು ಯಾರೋ ಹೇಳಿದ ಮಾತು ಕೇಳಿ ಭೂವಿಜ್ಞಾನದ ತರಗತಿಯೊಂದಕ್ಕೆ ಸೇರಿದ. ಅದು ಸುಲಭವಾಗಿರಲಿಲ್ಲ. ಆದರೆ ಮೇಷ್ಟರು ಒಂದು ಶನಿವಾರ ಎಲ್ಲರನ್ನೂ ವ್ಯಾನಿನಲ್ಲಿ ತುಂಬಿಕೊಂಡು ಸಿಯೆರಾ ಬೆಟ್ಟಕ್ಕೆ ಕರೆದೊಯ್ದರು. ರಸ್ತೆಗಾಗಿ ಸೀಳಿದ ಬಂಡೆಯ ಮುಂದೆ ನಿಲ್ಲಿಸಿ, “ಇದು ಸುಮ್ಮನೆ ಕೂತಿದೆ ಅಂದ್ಕೊಂಡ್ರಾ? ಇನ್ನೂ ನಡೀತಾ ಇದೆ” ಎಂದರು.

ರಮ್‌ಸಿನ್‌ಗೆ ಆ ಬಂಡೆ ತನ್ನ ಸಂಬಂಧಿಕನಂತೆ ಕಂಡಿತು.

ಸುಮ್ಮನೆ ಕೂರುವುದು ಅವನ ಜಾತಕದಲ್ಲೇ ಇರಲಿಲ್ಲ. ಬಾಗ್ದಾದ್ ಬಿಟ್ಟು ಜೋರ್ಡಾನಿನ ಒಂದು ಕೋಣೆಯಲ್ಲಿ ವೀಸಾಕ್ಕಾಗಿ ಕಾಯುತ್ತಿದ್ದ ಕಾಲದಲ್ಲಿ ಅವನ ಬಲಗಾಲು ಕುಣಿಯಲು ಶುರು ಮಾಡಿತ್ತು. ವೀಸಾ ಬಂತು, ಕಾಲು ನಿಲ್ಲಲಿಲ್ಲ. ಊಟದ ಮೇಜಿನಡಿ ಕುಣಿಯುತ್ತದೆ, ಪ್ರಾರ್ಥನೆಯ ನಡುವೆ ಕುಣಿಯುತ್ತದೆ. ಚರ್ಚಿನಲ್ಲಿ ಅವನು ಕೂತ ಬೆಂಚಿನಲ್ಲಿ ಮುದುಕಿಯರು ಕೂರುವುದಿಲ್ಲ. ಟರ್ಲಾಕ್ ಊರಾದರೋ ತಟ್ಟೆಯಷ್ಟು ಚಪ್ಪಟೆ. ಸುತ್ತ ಬಾದಾಮಿ ತೋಟ, ಬೇಸಿಗೆಯಲ್ಲಿ ಧೂಳು, ಚಳಿಗಾಲದಲ್ಲಿ ಮಂಜು, ಎತ್ತರವೆಂದರೆ ಹೆದ್ದಾರಿಯ ಮೇಲ್ಸೇತುವೆ. ಕೆಲಸ ಮುಗಿದ ಮೇಲೆ ಅವನು ಕಾರು ಹತ್ತಿ ಆ ಸೇತುವೆಯ ಮೇಲೆ ಹೋಗುತ್ತಿದ್ದ, ಇಳಿಯುತ್ತಿದ್ದ, ತಿರುಗಿ ಹತ್ತುತ್ತಿದ್ದ.

ಅವನ ಕಣ್ಣು ಬಿದ್ದದ್ದು ಉತ್ತರ ಕರಾವಳಿಯ ಯೂನಿವರ್ಸಿಟಿಯ ಮೇಲೆ. ಅಲ್ಲಿ ಬೆಟ್ಟ ಸಮುದ್ರಕ್ಕೆ ಕಾಲು ಚಾಚಿದೆ, ನೆಲ ಆಗಾಗ ನಡುಗುತ್ತದೆ. ಟರ್ಕಿ ಕೋಳಿ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಬಂದ ಶಮಿರಾನ್‌ಗೆ ಇದು ಅರ್ಥವಾಗುತ್ತಿರಲಿಲ್ಲ.

“ನಮ್ಮೂರಲ್ಲೇ ಒಂದು ಯೂನಿವರ್ಸಿಟಿ ಇದೆಯಲ್ಲೋ. ಚಪ್ಪಲಿ ಹಾಕ್ಕೊಂಡು ನಡ್ಕೊಂಡ್ ಹೋಗ್ಬಹುದು.”

“ಅದಕ್ಕೇ ಬೇಡ ಅಮ್ಮ. ನಡ್ಕೊಂಡ್ ಹೋದ್ರೆ ಹೋದ ಹಾಗೇ ಅನ್ಸಲ್ಲ.”

“ನೆಲ ನಡುಗೋ ಊರಿಗೆ ಹೋಗ್ತಾನಂತೆ. ನಿನ್ನ ಕಾಲೊಂದು ನಡುಗೋದು ಸಾಲ್ದಾ?”

ಆ ವರ್ಷ ಅವನು ಎರಡು ಅರ್ಜಿ ಹಾಕಿದ. ಒಂದು ಯೂನಿವರ್ಸಿಟಿಗೆ. ಇನ್ನೊಂದು ತನ್ನ ಅಂಗಡಿಗೆ: ಆ ಕರಾವಳಿ ಊರಿನಲ್ಲೂ ನಿಮ್ಮ ಶಾಖೆ ಇದೆಯಲ್ಲ, ನನ್ನನ್ನು ಅಲ್ಲಿಗೆ ಟ್ರಾನ್ಸ್‌ಫರ್ ಮಾಡಿ, ಓದುತ್ತಾ ಹೊಟ್ಟೆ ಹೊರೆದುಕೊಳ್ಳುತ್ತೇನೆ ಎಂದು. ಯೂನಿವರ್ಸಿಟಿ ತೆಪ್ಪಗಿತ್ತು. ಅಂಗಡಿ ತಕ್ಷಣ ಒಪ್ಪಿತು. ಆ ಶಾಖೆಯಲ್ಲಿ ಬಣ್ಣ ಕಲಸುವವರು ನಿಲ್ಲುತ್ತಿರಲಿಲ್ಲವಂತೆ. ಮ್ಯಾನೇಜರ್ ಡ್ವೇನ್ ಧ್ವನಿವರ್ಧಕದಲ್ಲೇ ಕೂಗಿ ಹೇಳಿದ.

ರಮ್‌ಸಿನ್ ಹಿತ್ತಲ ಬಾಗಿಲಿಗೆ ಓಡಿ ಅಮ್ಮನಿಗೆ ಫೋನ್ ಮಾಡಿದ. ಆಚೆ ಕಡೆ ಕಾರ್ಖಾನೆಯ ಗದ್ದಲ.

“ಅಮ್ಮಾ, ಟ್ರಾನ್ಸ್‌ಫರ್ ಆಯ್ತು!”

“ದೇವ್ರೇ! ನಿಜವಾಗ್ಲೂ?”

“ಹೂಂ, ಆದ್ರೆ ಅದು—”

ಫೋನ್ ಆಗಲೇ ಕಟ್ಟಾಗಿತ್ತು. ಅವನು ಮನೆ ಮುಟ್ಟುವಷ್ಟರಲ್ಲಿ ಒಲೆಯಿಂದ ಬೆಣ್ಣೆಯ ಘಮ ಬೀದಿಗೆ ಬಂದಿತ್ತು. ಈ ಮನೆಯಲ್ಲಿ ಒಂದು ಪದಕ್ಕೆ ಎರಡು ಅರ್ಥವಿದ್ದರೆ ಕಾದೆ ಬೇಯುತ್ತದೆ ಎಂಬುದು ಅವನಿಗೆ ಅಷ್ಟು ಹೊತ್ತಿಗೆ ಗೊತ್ತಿರಬೇಕಿತ್ತು. ಅಮ್ಮನ ಅಣ್ಣ, ಲಾರಿ ಓಡಿಸುವ ಅಪ್ರೀಮ್, ಕುರ್ಚಿಯಲ್ಲಿ ಕಾಲು ಚಾಚಿ ಚಹಾ ಹೀರುತ್ತಿದ್ದ.

“ಬಾರೋ ಅಸೋಸಿಯೇಟ್! ಎರಡು ವರ್ಷದ ಕಾಲೇಜಲ್ಲಿ ಏಳು ವರ್ಷ ಕೂತಿದ್ಯಲ್ಲ, ಅವ್ರು ನಿಂಗೆ ಕಲಿಸ್ತಿದಾರೋ, ನಿನ್ನ ಸಾಕ್ತಿದಾರೋ ಅಂತ ಕೇಳ್ಬೇಕು ಅಂದ್ಕೊಂಡಿದ್ದೆ. ಅಂತೂ ಬಿಟ್ರು.”

ರಮ್‌ಸಿನ್ ಅಮ್ಮನ ಅರಳಿದ ಮುಖ ನೋಡಿದ. ಯೂನಿವರ್ಸಿಟಿಯ ಉತ್ತರ ಇನ್ನೇನು ಬರುತ್ತದೆ, ಬಂದರೆ ಈ ಸುಳ್ಳು ತಾನಾಗಿ ನಿಜವಾಗುತ್ತದೆ, ಆಮೇಲೆ ಹೇಳಿದರಾಯಿತು ಎಂದುಕೊಂಡು ಬಿಸಿ ಕಾದೆ ಬಾಯಿಗೆ ತುರುಕಿಕೊಂಡ. ನಾಲಿಗೆ ಸುಟ್ಟಿತು.

ಆಮೇಲಿನ ದಿನಗಳಲ್ಲಿ ಅವನು ಒಂದು ಕಡೆ ನಿಂತದ್ದನ್ನು ಯಾರೂ ನೋಡಲಿಲ್ಲ. ಫೋನ್ ತೆಗೆದು ನೋಡುವುದು, ಜೇಬಿಗಿಡುವುದು, ಮತ್ತೆ ತೆಗೆಯುವುದು. ಒಬ್ಬ ಹೆಂಗಸು ಮಗುವಿನ ಕೋಣೆಗೆಂದು ತಿಳಿ ಹಳದಿ ಕೇಳಿದರೆ ಸಾಸಿವೆ ಹಳದಿ ಕಲಸಿ ಕೊಟ್ಟ. ಆಕೆ ಒಳ್ಳೆಯವಳು, “ಹೋಗ್ಲಿ ಬಿಡಪ್ಪ, ಮಗು ಹೇಗಿದ್ರೂ ಅದೇ ಬಣ್ಣ ಬಳೀತದೆ” ಎಂದಳು. ಅಮ್ಮ ಬೀಳ್ಕೊಡುಗೆಯ ಔತಣಕ್ಕೆಂದು ಭಾನುವಾರಕ್ಕೆ ಚರ್ಚಿನ ಹಾಲ್ ಗೊತ್ತು ಮಾಡಿದಳು. ಉತ್ತರ ಬಂದದ್ದು ಅದಕ್ಕೆ ಮೂರು ದಿನ ಮುಂಚೆ.

ಇಲ್ಲ, ಎಂದಿತ್ತು ಉತ್ತರ.

ಡೆಲ್ಫೀನಾ ಅವರ ಕೋಣೆಯಲ್ಲಿ ಅವನು ಕೂರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದ.

“ನೀನು ನರ್ಸಿಂಗ್‌ನಲ್ಲಿದ್ದಾಗ ಮಾಡಿದ ಭೌತಶಾಸ್ತ್ರ ಬೇರೆ, ಇವ್ರು ಕೇಳೋದು ಬೇರೆ” ಎಂದರು ಆಕೆ. “ಅದೊಂದು ಇಲ್ದೆ ಒಳಗೆ ಬಿಡಲ್ಲ. ನಾನು ಹೇಳಿದ್ದೆ ಅಂತ ಈಗ ಹೇಳಲ್ಲ.”

“ಹೇಳಿ ಮೇಡಂ, ಪರವಾಗಿಲ್ಲ.”

“ಹೇಳಿದ್ದೆ.”

“ಈಗ?”

“ಆ ಒಂದು ಪಾಠ ಮುಗಿಸಿ ಮತ್ತೆ ಅರ್ಜಿ ಹಾಕು. ಇಲ್ಲೇ ಮುಗಿಸ್ಬಹುದು. ಆ ಊರಲ್ಲೂ ನಮ್ಮಂಥದ್ದೇ ಎರಡು ವರ್ಷದ ಕಾಲೇಜಿದೆ, ಅಲ್ಲೂ ಮುಗಿಸ್ಬಹುದು.”

“ಅಂದ್ರೆ ಎರಡು ವರ್ಷದ ಕಾಲೇಜಿಂದ ಎರಡು ವರ್ಷದ ಕಾಲೇಜಿಗೇ ಟ್ರಾನ್ಸ್‌ಫರ್.”

ಆಕೆ ಕುರ್ಚಿಯನ್ನು ಮತ್ತೆ ಗೋಡೆಯ ಕಡೆ ತಿರುಗಿಸಿದರು. ಈ ಸಲ ನಗುವಿಗೋ, ಬೇರೆ ಯಾವುದಕ್ಕೋ ಅವನಿಗೆ ತಿಳಿಯಲಿಲ್ಲ. ತಿರುಗಿದಾಗ ಹೇಳಿದರು: “ನೋಡಪ್ಪ, ಇಲ್ಲಿದ್ರೆ ಅಮ್ಮನ ಅಡುಗೆ ಇದೆ. ಓದೋಕೆ ಇದೇ ಸಲೀಸು.”

ಸಲೀಸು ಎಂಬ ಮಾತು ಕೇಳಿದ್ದೇ ತಡ ಅವನ ಕಾಲು ಕುಣಿಯತೊಡಗಿತು.

ಮನೆಗೆ ಹೋದವನು ನೇರ ಅಡುಗೆಮನೆಗೆ ನುಗ್ಗಿ ಅಮ್ಮನಿಗೆ ಎಲ್ಲ ಹೇಳಿದ. ಆಕೆ ದ್ರಾಕ್ಷಿಯೆಲೆಯಲ್ಲಿ ಅಕ್ಕಿ ಸುತ್ತುತ್ತಾ ದೊಲ್ಮ ಮಾಡುತ್ತಿದ್ದಳು. ಸುತ್ತುವುದನ್ನು ನಿಲ್ಲಿಸಲಿಲ್ಲ.

“ಹೋಗ್ತೀಯಾ?”

“ಹೋಗ್ತೀನಿ. ಇಲ್ಲಿ ಉಳಿದ್ರೆ ಇನ್ನೊಂದು ಏಳು ವರ್ಷ ಉಳೀತೀನಿ ಅಮ್ಮ. ನನ್ನ ಬುದ್ಧಿ ನನಗೇ ಗೊತ್ತು.”

ಇನ್ನೂ ಎರಡು ಎಲೆ ಸುತ್ತಿದ ಮೇಲೆ ಆಕೆ ಅಂದಳು: “ಸರಿ. ಆದ್ರೆ ಭಾನುವಾರ ಬಾಯಿ ಮುಚ್ಕೊಂಡಿರು. ಒಂದ್ಸಲ ಬಿಲ್ಲೆಗೆ ಕಾದೆ ಹಂಚಿದವಳು ಅಂತ ಹೆಸರಾಗಿದೆ ನಂಗೆ. ಎರಡನೇ ಸಲ ಬೇಡ. ನೀನು ಹೋದ್ಮೇಲೆ ಯಾರು ಬಂದು ನೋಡ್ತಾರೆ?”

ಅವನು ತಲೆಯಾಡಿಸಿದ. ಎಲ್ಲರೂ ನಂಬಿರಲಿ, ತಾನು ಹೋಗಲಿ, ಮುಂದೆ ಎಂದಾದರೂ ನಿಜವಾಗಲಿ. ಇದಕ್ಕಿಂತ ಸಲೀಸು ಇನ್ನೇನಿದೆ?

ಭಾನುವಾರ ಹಾಲ್ ತುಂಬಿತು. ಪಾದ್ರಿ ಆಶೀರ್ವಾದ ಮಾಡಿದರು. ಮುದುಕಿಯರು ಕೆನ್ನೆ ಹಿಂಡಿದರು. ಟರ್ಲಾಕಿನ ಮಕ್ಕಳಿಗೆಲ್ಲ ನೀನೇ ಮಾದರಿ ಎಂದು ಒಬ್ಬರು ಹೇಳಿದಾಗ ಅವನು ಕಾಫಿ ಯಂತ್ರದ ಹಿಂದೆ ಹೋಗಿ ನಿಂತ. ಅಲ್ಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಕೊನೆಗೆ ಅಮ್ಮ ತೋಳು ಹಿಡಿದು ತನ್ನ ಪಕ್ಕ ಕೂರಿಸಿಕೊಂಡಳು. ಮೇಜಿನ ಮೇಲಿನ ಚಹಾ ಲೋಟಗಳು ಅವನ ಕಾಲಿನ ತಾಳಕ್ಕೆ ಕಿಣಿಕಿಣಿ ಎನ್ನತೊಡಗಿದವು.

ಎದುರಿಗೆ ಕೂತಿದ್ದ ಅಪ್ರೀಮ್ ಮಾವ ಲೋಟಗಳನ್ನು ನೋಡಿದ, ಅಳಿಯನನ್ನು ನೋಡಿದ. ಲಾರಿಯ ಹಾರ್ನಿನಂಥ ದನಿ ಅವನದು. ಮೆಲ್ಲಗೆ ಕೇಳಿದರೂ ಹಾಲ್‌ಗೆಲ್ಲ ಕೇಳುತ್ತದೆ.

“ಲೋ ಅಸೋಸಿಯೇಟ್, ಹೋದ ವಾರ ನಿನ್ನಂಗಡಿಗೆ ಬ್ರಷ್ ತರೋಕೆ ಹೋಗಿದ್ದೆ. ನಿನ್ನ ಡ್ವೇನ್ ಏನೋ ಬೇರೆ ಕಥೆ ಹೇಳ್ದ. ನಿಜ ಹೇಳು, ಟ್ರಾನ್ಸ್‌ಫರ್ ಮಾಡಿದ್ದು ಯೂನಿವರ್ಸಿಟಿಯೋ, ಅಂಗಡಿಯೋ?”

ಮೇಜಿನಡಿಯಲ್ಲಿ ಶಮಿರಾನ್ ಮಗನ ಪಾದದ ಮೇಲೆ ತನ್ನ ಪಾದ ಇಟ್ಟು ಗಟ್ಟಿಯಾಗಿ ಒತ್ತಿದಳು. ಲೋಟಗಳ ಸದ್ದು ನಿಂತಿತು.

“ಅಂಗಡಿ ಮಾವ” ಎಂದ ರಮ್‌ಸಿನ್. “ಯೂನಿವರ್ಸಿಟಿ ಬೇಡ ಅಂತು. ಬೇಕು ಅನ್ನೋ ತನಕ ಅದರ ಬಾಗಿಲ ಮುಂದೆ ಬಣ್ಣ ಮಾರ್ತೀನಿ.”