ಛೂ

ಎಸಿ ಸರ್ವಿಸಿಗೆ ಅಂತ ನವಿ ಮುಂಬಯಿಯ ಕಾಮೋಠೆಯ ಒಂದು ಫ್ಲ್ಯಾಟಿಗೆ ಹೋಗಿದ್ದೆ. ಉಡುಪಿ ಕಡೆಯ ಹೋಟೆಲಿನವರ ಮನೆ. ಸೋಫಾದ ಪಕ್ಕ ಮಲಗಿದ್ದ ಕಂದು ನಾಯಿ ಬಹಳ ಸಾಧುವಾಗಿ ಕಂಡಿತು, ತಲೆ ಸವರೋಣ ಅಂತ ಕೈ ಚಾಚಿದೆ. ಅಜ್ಜಿ ಕನ್ನಡದಲ್ಲಿ ಏನೇ ಕೇಳಿದರೂ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದ ಮೊಮ್ಮಗಳು, "ಅಂಕಲ್, ಛೂನಾ ಮತ್!" ಎಂದು ಕೂಗಿದಳು. ಮುಟ್ಟಬೇಡಿ ಅಂತ ಎಚ್ಚರಿಸಿದ್ದಳು, ಪಾಪ. ನಾಯಿ ಎದ್ದದ್ದೇ ನನ್ನ ಕೈಗೆ ಬಾಯಿ ಹಾಕಿತು.

ನಾನು ನಲ್ಲಿಯ ಕೆಳಗೆ ಸೋಪು ಹಾಕಿ ರಕ್ತ ತೊಳೆಯುತ್ತಿದ್ದರೆ ಯಜಮಾನರು ಕೂಗಾಡುತ್ತಿದ್ದರು. "ಇನ್ನು ಇದು ಬೇಡ ಮಾರಾಯ್ರೆ. ಇವತ್ತೇ ಎಲ್ಲಾದರೂ ಬಿಟ್ಟು ಬರ್ತೇನೆ." ಹುಡುಗಿ ನಾಯಿಯ ಕುತ್ತಿಗೆ ತಬ್ಬಿಕೊಂಡು ಅಳತೊಡಗಿದಳು.

"ಒಬ್ಬರಿಗೂ ಕಚ್ಚಿದ ನಾಯಿ ಅಲ್ಲ ಇದು," ಎಂದರು ಅಜ್ಜಿ. "ಬಾಲ್ಕನಿಯ ಪಾರಿವಾಳ ಓಡಿಸುವುದೊಂದೇ ಇದರ ಕೆಲಸ. ನಾನು ಛೂ ಅಂದರೆ ಸಾಕು..."

ಮಾತು ಮುಗಿಯುವ ಮೊದಲೇ ನಾಯಿ ಹುಡುಗಿಯ ಕೈ ಬಿಡಿಸಿಕೊಂಡು ಬಾಲ್ಕನಿಗೆ ಹಾರಿತು. ನಾವು ಮುಖ ಮುಖ ನೋಡಿಕೊಂಡೆವು.

"ತಪ್ಪು ಇದರದ್ದಲ್ರೀ," ಎಂದೆ ನಾನು. "ಕನ್ನಡದಾಗ ಹೇಳಿದಂಗ ಮಾಡ್ಯದ."

ಯಜಮಾನರು ತಣ್ಣಗಾದರು, ಸ್ಕೂಟರಿನಲ್ಲಿ ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. ನಾಯಿ ಮನೆಯಲ್ಲೇ ಉಳಿಯಿತು. ಭಾಷೆಯಿಂದಾದ ಎಡವಟ್ಟು ಅಂತ ಡಾಕ್ಟರು ಮಾತ್ರ ಒಂದು ಇಂಜೆಕ್ಷನ್ನೂ ಕಡಿಮೆ ಮಾಡಲಿಲ್ಲ.

ಮುಂದಿನ ಸಲ ಸರ್ವಿಸಿಗೆ ಹೋದಾಗ ಬಾಗಿಲು ತೆರೆದದ್ದು ಅದೇ ಹುಡುಗಿ. "ಅಂಕಲ್, ಮುಟ್ಟಬೇಡಿ," ಎಂದಳು, ಅಚ್ಚ ಕನ್ನಡದಲ್ಲಿ. ಅಜ್ಜಿ ಹೇಳಿ ಹೇಳಿ ಸೋತಿದ್ದ ಪಾಠವನ್ನು ನಾಯಿ ಒಂದೇ ದಿನದಲ್ಲಿ ಕಲಿಸಿತ್ತು, ನನ್ನ ಕೈಯ ಖರ್ಚಿನಲ್ಲಿ.